ಉಪ್ಪು ಗೊತ್ತಾಗುವ ಭಾಷೆ

ಫ್ಲಾರೆನ್ಸ್ ನಗರದ ಬೇಕರಿಯಲ್ಲಿ ಮೊದಲ ಸಲ ಬ್ರೆಡ್ಡು ಕೊಂಡವರು ಎರಡನೇ ತುತ್ತಿಗೇ ಅಗಿಯುವುದನ್ನು ನಿಲ್ಲಿಸಿ ಬ್ರೆಡ್ಡಿನ ಮುಖ ನೋಡುತ್ತಾರೆ. ಹೊರಗೆ ಗಟ್ಟಿಯಾದ ಕಂದು ಸಿಪ್ಪೆ, ಒಳಗೆ ತೂತು ತೂತಾದ ಬಿಳಿ ತಿರುಳು, ಒಲೆಯಿಂದ ಆಗಷ್ಟೇ ತೆಗೆದ ಘಮ. ಎಲ್ಲವೂ ಸರಿಯಾಗಿದೆ, ಬಾಯಿಗೆ ಮಾತ್ರ ಏನೂ ಹತ್ತುತ್ತಿಲ್ಲ. ಪಾಪ, ಇವತ್ತು ಉಪ್ಪು ಹಾಕಲು ಮರೆತಿರಬೇಕು ಎಂದುಕೊಳ್ಳುತ್ತಾರೆ. ಯಾರೂ ಮರೆತಿಲ್ಲ. ಟಸ್ಕನಿ ಪ್ರಾಂತದಲ್ಲಿ ಬ್ರೆಡ್ಡಿಗೆ ಉಪ್ಪು ಹಾಕುವ ಪದ್ಧತಿಯೇ ಇಲ್ಲ. 2016ರಲ್ಲಿ ಐರೋಪ್ಯ ಒಕ್ಕೂಟ ‘ಪಾನೆ ತೊಸ್ಕಾನೊ’ ಎಂಬ ಈ ಬ್ರೆಡ್ಡಿಗೆ ಮೂಲಸ್ಥಾನದ ಮನ್ನಣೆ ಕೊಟ್ಟಾಗ ಉಪ್ಪಿಲ್ಲದಿರುವುದನ್ನೂ ಅದರ ಲಕ್ಷಣವಾಗಿಯೇ ಒಪ್ಪಿಕೊಂಡಿತು.

ಮನೆಮಾತಿನಲ್ಲಿ ಇದರ ಹೆಸರು ‘ಪಾನೆ ಶೊಕ್ಕೊ’. ಪಾನೆ ಎಂದರೆ ಬ್ರೆಡ್ಡು. ಶೊಕ್ಕೊ ಎಂದರೆ ಟಸ್ಕನಿಯ ಅಡುಗೆಮನೆಯಲ್ಲಿ ಸಪ್ಪೆ. ಇಟಲಿಯ ಉಳಿದ ಕಡೆಗಳಲ್ಲಿ ಪೆದ್ದ. ಫ್ಲಾರೆನ್ಸಿನ ಮನೆಯೊಂದರಲ್ಲಿ ಅಜ್ಜಿ ಸೂಪಿನ ಚಮಚ ಬಾಯಿಗಿಟ್ಟು ‘ಶೊಕ್ಕಾ’ ಎಂದು ಗೊಣಗಿದರೆ, ಮಿಲಾನಿನಿಂದ ಬಂದ ಸೊಸೆಗೆ ಆ ಮಾತು ಸೂಪಿಗೋ ತನಗೋ ಎಂಬ ಅನುಮಾನ ಬರಲು ಅವಕಾಶವಿದೆ. ಉಪ್ಪಿಲ್ಲದ್ದು ಮತ್ತು ಬುದ್ಧಿಯಿಲ್ಲದ್ದು ಇಟಾಲಿಯನ್ ಭಾಷೆಯಲ್ಲಿ ಬಹಳ ಹಳೆಯ ನೆಂಟರು. ವಿವೇಕ ಇರುವವನ ಬಗ್ಗೆ ‘ಅವನ ಕುಂಬಳಕಾಯಲ್ಲಿ ಉಪ್ಪಿದೆ’ ಎನ್ನುತ್ತಾರೆ: ‘ಸಾಲೆ ಇನ್ ತ್ಸುಕ್ಕಾ’. ಕುಂಬಳಕಾಯಿ ಇಲ್ಲಿ ತಲೆಬುರುಡೆ. ಉಪ್ಪು ಸಾಲದ ಸಾರಿಗೆ ‘ದೋಲ್ಚೆ ದಿ ಸಾಲೆ’, ಅಂದರೆ ಉಪ್ಪಿನ ಮಟ್ಟಿಗೆ ಸಿಹಿ, ಎಂಬ ನಯವಾದ ಮಾತಿದೆ. ಅದನ್ನೇ ಮನುಷ್ಯನಿಗೆ ಅಂದರೆ ಆಸಾಮಿ ಸ್ವಲ್ಪ ಮಂದ ಎಂದರ್ಥ.

ಈ ನೆಂಟಸ್ತಿಕೆಯ ಮೂಲ ಲ್ಯಾಟಿನ್ನಿನ ‘ಸಾಪೆರೆ’ ಎಂಬ ಕ್ರಿಯಾಪದ. ರುಚಿ ಇರುವುದು, ರುಚಿ ಅರಿಯುವುದು, ವಿವೇಕದಿಂದಿರುವುದು, ಈ ಮೂರನ್ನೂ ಆ ಪದ ಹೊತ್ತಿತ್ತು. ಇಟಾಲಿಯನ್ನಿನಲ್ಲಿ ಅದೇ ‘ಸಾಪೆರೆ’ ತಿಳಿಯುವುದು ಎಂಬ ಅರ್ಥದ ನಿತ್ಯದ ಪದವಾಯಿತು. ಅದರ ಒಂದು ಕೊಂಬೆ ಅಡುಗೆಮನೆಗೆ ಹೋಯಿತು: ‘ಸಾಪೊರೆ’ ಎಂದರೆ ರುಚಿ, ‘ಸಾಪೊರೀತೊ’ ಎಂದರೆ ರುಚಿಕಟ್ಟು, ‘ಇನ್ಸೀಪಿದೊ’ ಎಂದರೆ ಸಪ್ಪೆ. ಇನ್ನೊಂದು ಕೊಂಬೆ ವಿದ್ಯಾಲಯಕ್ಕೆ ಹೋಯಿತು: ‘ಸಾಪಿಯೆಂತೆ’ ಎಂದರೆ ಜ್ಞಾನಿ. 1303ರಲ್ಲಿ ಶುರುವಾದ ರೋಮಿನ ಹಳೆಯ ವಿಶ್ವವಿದ್ಯಾಲಯದ ಹೆಸರು ‘ಲಾ ಸಾಪಿಯೆಂತ್ಸಾ’. ಆ ಹೆಸರಿನ ಬೇರು ಹಿಡಿದು ಹೋದರೆ ಸಿಗುವುದು ನಾಲಿಗೆ.

ಇದು ನಿಘಂಟಿನಲ್ಲಿ ಮಲಗಿರುವ ಸಂಗತಿಯಲ್ಲ, ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಬಳಕೆ. ತಿಂಡಿಗೆ ನಿಂಬೆಯ ರುಚಿಯಿದೆ ಎನ್ನಲು ಇಟಲಿಯವರು ‘ಸಾ ದಿ ಲಿಮೋನೆ’ ಎನ್ನುತ್ತಾರೆ. ಅದು ನಿಂಬೆಯನ್ನು ಬಲ್ಲದು ಎಂದಂತೆ ಕೇಳಿಸುವ ಮಾತು. ಬಿರಡೆ ಕೆಟ್ಟು ವೈನಿಗೆ ಮುಗ್ಗಲು ವಾಸನೆ ತಾಗಿದ್ದರೆ ‘ಸಾ ದಿ ತಾಪ್ಪೊ’, ಬಿರಡೆಯ ರುಚಿ. ಹೋಟೆಲಿನಲ್ಲಿ ಇಷ್ಟು ಹೇಳಿದರೆ ಸಾಕು, ಮಾಣಿ ಮಾತಾಡದೆ ಬಾಟಲಿ ಬದಲಿಸುತ್ತಾನೆ. ಏನೂ ರುಚಿಯಿಲ್ಲದ್ದಕ್ಕೆ ‘ನೋನ್ ಸಾ ದಿ ನಿಯೆಂತೆ’. ಚಳಿಗಾಲದ ಟೊಮೆಟೊಗೂ ಹೀಗೆನ್ನಬಹುದು, ಜೊತೆಗಿದ್ದೂ ಇಲ್ಲದಂತಿರುವ ಮನುಷ್ಯನಿಗೂ ಅನ್ನಬಹುದು. ಎಲ್ಲಕ್ಕಿಂತ ಸೊಗಸಾದದ್ದು ‘ಮಿ ಸಾ ಕೆ’ ಎಂಬ ಪಲ್ಲವಿ. ಮಳೆ ಬರುವ ಹಾಗಿದೆ, ಬಸ್ಸು ತಪ್ಪಿಹೋದಂತಿದೆ ಎಂಬ ಊಹೆಗಳನ್ನೆಲ್ಲ ಅವರು ‘ಮಿ ಸಾ ಕೆ’ ಎಂದು ಶುರುಮಾಡುತ್ತಾರೆ. ಬರಲಿರುವ ಮಳೆ ಮೊದಲು ನಾಲಿಗೆಗೆ ತಾಗಿದಂತೆ! ಕನ್ನಡದವರಿಗೆ ಇದು ಪೂರ್ತಿ ಅಪರಿಚಿತವೇನಲ್ಲ. ಸಾರಿಗೆ ಹಾಕಿದ ಉಪ್ಪು ಕಡಿಮೆಯಾದಾಗ ನಮ್ಮ ಮನೆಗಳಲ್ಲೂ ‘ಉಪ್ಪೇ ಗೊತ್ತಾಗ್ತಿಲ್ಲ’ ಎನ್ನುತ್ತಾರೆ. ಉಪ್ಪನ್ನು ತಿಳಿಯಬೇಕಾದದ್ದೆಂದು ಎಣಿಸುವವರು ನಾವೂ ಹೌದು.

ಬ್ರೆಡ್ಡಿನ ಉಪ್ಪಿನ ಮಾತು ಬಂದಾಗ ಫ್ಲಾರೆನ್ಸಿನವರು ತಮ್ಮ ಕವಿಯನ್ನು ಬಿಟ್ಟುಕೊಡುವುದಿಲ್ಲ. ಡಾಂಟೆ 1265ರಲ್ಲಿ ಅಲ್ಲಿ ಹುಟ್ಟಿದ. 1302ರಲ್ಲಿ ಅವನಿಗೆ ಗಡೀಪಾರಾಯಿತು. 1321ರಲ್ಲಿ ರವೆನ್ನಾದಲ್ಲಿ ತೀರಿಕೊಂಡ, ತವರಿಗೆ ಮರಳಲೇ ಇಲ್ಲ. ಅವನ ಮಹಾಕಾವ್ಯದ ಸ್ವರ್ಗ ಕಾಂಡದ 17ನೇ ಸರ್ಗದಲ್ಲಿ ಮುತ್ತಾತನೊಬ್ಬ ಎದುರಾಗಿ ಮುಂಬರುವ ಪರದೇಶವಾಸದ ಕಷ್ಟವನ್ನು ಹೇಳುತ್ತಾನೆ. ಅಲ್ಲಿ ಬರುವ ಪರರ ಮನೆಯ ಬ್ರೆಡ್ಡು ಉಪ್ಪುಪ್ಪು. ಕಣ್ಣೀರಿನ ಉಪ್ಪು ಎಂದು ವ್ಯಾಖ್ಯಾನಕಾರರು ಅರ್ಥ ಬಿಡಿಸಬಹುದು. ಆದರೆ ಉಪ್ಪಿಲ್ಲದ ಬ್ರೆಡ್ಡಿನ ಊರಿನವರು ಇದನ್ನು ಅಕ್ಷರಶಃ ಓದಿಕೊಳ್ಳುತ್ತಾರೆ: ಪಾಪ, ಹೊರಗಿನವರ ಬ್ರೆಡ್ಡು ಅವನಿಗೆ ಒಗ್ಗಲಿಲ್ಲ. ಕವಿ ಅಲ್ಲಿ ಬಳಸಿದ ಕ್ರಿಯಾಪದವೂ ಅದೇ ‘ಸಾಪೆರೆ’. ಟಸ್ಕನಿಯ ಊಟ ಗಮನಿಸಿದರೆ ಸಪ್ಪೆ ಬ್ರೆಡ್ಡಿನ ತರ್ಕವೂ ಕಾಣುತ್ತದೆ. ಟಸ್ಕನಿಯ ಒಣಮಾಂಸ, ಸೋಂಪು ಬೆರೆಸಿದ ಸಲಾಮೆ, ಕುರಿಹಾಲಿನ ಚೀಸು ಎಲ್ಲಕ್ಕೂ ಉಪ್ಪು ಮುಂದು. ಹಳೆಯ ಬ್ರೆಡ್ಡನ್ನು ಹಾಕಿ ಕುದಿಸುವ ‘ರಿಬೊಲ್ಲೀತಾ’ದಂಥ ಗಟ್ಟಿ ಸೂಪಿನಲ್ಲಿ ಉಪ್ಪಿನ ಲೆಕ್ಕವನ್ನು ಕೈಯೇ ಹಿಡಿದುಕೊಳ್ಳಬೇಕು, ಬ್ರೆಡ್ಡು ಅದಕ್ಕೆ ಅಡ್ಡ ಬರಬಾರದು.

ರುಚಿ ನೋಡುವುದಕ್ಕೇ ಇಟಾಲಿಯನ್ನಿನಲ್ಲಿ ನಾಲ್ಕು ಕ್ರಿಯಾಪದಗಳಿವೆ. ಒಲೆಯ ಮುಂದೆ ಚಮಚದ ತುದಿಯಲ್ಲಿ ನೋಡುವುದು ‘ಅಸ್ಸಜ್ಜಾರೆ’. ತಟ್ಟೆಗೆ ಬಡಿಸಿಕೊಂಡು ಸುಖಪಡುವುದು ‘ಗುಸ್ತಾರೆ’. ಬಾಯಲ್ಲಿಟ್ಟುಕೊಂಡು ನಿಧಾನವಾಗಿ ಕರಗಿಸುವುದು ‘ಅಸ್ಸಪೊರಾರೆ’. ಟಿಪ್ಪಣಿ ಪುಸ್ತಕ ಹಿಡಿದ ಪರಿಣತರದು ‘ದೆಗುಸ್ತಾರೆ’. ಮೊದಲನೆಯದರ ಬೇರು ತೂಗಿ ನೋಡುವುದು ಎಂಬ ಅರ್ಥದ ಹಳೆಯ ಲ್ಯಾಟಿನ್ ಪದ. ಅದೇ ಬೇರಿನಿಂದ ಬಂದ ‘ಸಜ್ಜೊ’ ಎಂದರೆ ಮಾದರಿ, ಪರೀಕ್ಷೆ, ಜೊತೆಗೆ ಪ್ರಬಂಧ. ಪ್ರಬಂಧಕಾರ ಅವರ ಲೆಕ್ಕದಲ್ಲಿ ಒಂದು ಚಮಚ ನೋಡಿ ಹೇಳುವವನು, ಪೂರ್ತಿ ಪಾತ್ರೆ ಖಾಲಿಮಾಡುವವನಲ್ಲ. ಈ ಭಾಷಣಕ್ಕೂ ಅಷ್ಟೇ ರಿಯಾಯಿತಿ ಇರಲಿ.

ಇನ್ನು ಕಹಿಗೆ ಬರಬೇಕು, ಏಕೆಂದರೆ ಇಟಲಿಯ ನಾಲಿಗೆಯ ನಿಜವಾದ ಗುಟ್ಟು ಅಲ್ಲಿದೆ. ನಮ್ಮಲ್ಲಿ ಹಾಗಲಕಾಯಿಯನ್ನು ಉಪ್ಪಿನಲ್ಲಿ ಹಿಂಡಿ, ಹುಳಿ ಬೆಲ್ಲ ಹಾಕಿ, ಕಹಿಯನ್ನು ಬಗ್ಗಿಸಿಯೇ ತಟ್ಟೆಗೆ ತರುತ್ತಾರೆ. ಇಟಲಿಯಲ್ಲಿ ಕಹಿಯನ್ನು ಹುಡುಕಿಕೊಂಡು ಹೋಗುತ್ತಾರೆ. ತ್ರೆವೀಸೊ ಊರಿನ ಕೆಂಪು ರದಿಕ್ಕಿಯೊ, ರೋಮಿನ ಚಿಕೋರಿ ಸೊಪ್ಪು, ಪೂಲಿಯಾದ ‘ಚೀಮೆ ದಿ ರಾಪಾ’ ಎಂಬ ಸೊಪ್ಪು ಎಲ್ಲವೂ ಕಹಿ. ಊಟ ಮುಗಿದ ಮೇಲೆ ಕುಡಿಯುವ ಗಿಡಮೂಲಿಕೆಯ ಮದ್ಯದ ಜಾತಿಗೇ ‘ಅಮಾರೊ’ ಎಂದು ಹೆಸರು. ಪದದ ಅರ್ಥ ಕಹಿ, ಅಷ್ಟೇ. ಮಿಲಾನಿನ ಫೆರ್ನೆತ್ ಬ್ರಾಂಕಾ 1845ರಿಂದ ಇದೆ. ಊಟಕ್ಕೆ ಮುಂಚಿನ ಕೆಂಪು ಕಹಿ ಕಂಪಾರಿ 1860ರಲ್ಲಿ ನೊವಾರಾ ಊರಿನಲ್ಲಿ ಹುಟ್ಟಿತು. ಕಹಿಯಿಂದ ಶುರು, ಕಹಿಯಿಂದಲೇ ಮುಕ್ತಾಯ.

ಇಷ್ಟು ಕಹಿ ತಿನ್ನುವವರಿಗೆ ಒಂದೇ ಪದ ಸಾಲುವುದು ಹೇಗೆ? ಪದದ ಬಾಲ ಬದಲಿಸುತ್ತ ಹೋಗುತ್ತಾರೆ. ಕಹಿಯ ಎಳೆಯಷ್ಟೇ ಇದ್ದರೆ ‘ಅಮರೋನ್ಯೊಲೊ’. ಇದರಲ್ಲಿ ದೂರಿಲ್ಲ, ಒಳ್ಳೆಯ ಬಾದಾಮಿಗೂ ಇದೇ ಪದ. ಚಿಕ್ಕ ಮುದ್ದು ಕಹಿ ‘ಅಮರೆತ್ತೊ’, ಕಹಿಬಾದಾಮಿಯ ಘಮದ ಬಿಸ್ಕತ್ತಿಗೂ ಮದ್ಯಕ್ಕೂ ಇಟ್ಟ ಹೆಸರು. ದೊಡ್ಡ ಕಹಿ ‘ಅಮರೋನೆ’, ವೆರೋನಾ ಬಳಿಯ ಹೆಸರಾಂತ ಕೆಂಪು ವೈನು. ಆ ಸೀಮೆಯಲ್ಲಿ ದ್ರಾಕ್ಷಿ ಒಣಗಿಸಿ ಸಿಹಿ ವೈನು ಮಾಡುವುದು ವಾಡಿಕೆ. ಮರೆತುಹೋದ ಪೀಪಾಯಿಯೊಂದರಲ್ಲಿ ಸಕ್ಕರೆಯೆಲ್ಲ ಹುದುಗಿ ಖರ್ಚಾಗಿ ಸಿಹಿಯಿಲ್ಲದ ವೈನು ಸಿಕ್ಕಿತು, ಅದಕ್ಕೇ ಈ ಹೆಸರು ಬಂತು ಎಂದು ಅಲ್ಲಿ ಕಥೆ ಹೇಳುತ್ತಾರೆ. ಕಥೆ ಹೇಗೇ ಇರಲಿ, ಸಿಹಿ ಇಲ್ಲದಿರುವುದನ್ನೂ ಕಹಿಯ ಖಾತೆಗೇ ಬರೆಯುವ ಅಭ್ಯಾಸ ಅವರದು. ಸಕ್ಕರೆ ಹಾಕದ ಕಾಫಿಯೂ ‘ಕಫ್ಫೆ ಅಮಾರೊ’. ಬಾಲಗಳಲ್ಲಿ ಕೆಟ್ಟ ಬಾಲವೂ ಇದೆ: ‘ದೋಲ್ಚೆ’ ಸಿಹಿ, ‘ದೋಲ್ಚಾಸ್ತ್ರೊ’ ಮುಖ ಸಿಂಡರಿಸುವ ಸಿಹಿ. ಕನ್ನಡ ಇದೇ ಕೆಲಸಕ್ಕೆ ಪದವನ್ನು ಎರಡು ಸಲ ಹೇಳುತ್ತದೆ: ಸಿಹಿಸಿಹಿ, ಹುಳಿಹುಳಿ, ಒಗರೊಗರು. ಆದರೆ ಅದು ಮೆಚ್ಚುಗೆಯೋ ದೂರೋ ಎಂಬುದನ್ನು ಹೇಳುವವರ ಮುಖ ನೋಡಿಯೇ ತಿಳಿಯಬೇಕು. ರೇಡಿಯೊದಲ್ಲಿ ಅದು ಕಷ್ಟ.

ಸಿಹಿಯ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ‘ಆಕ್ವಾ ದೋಲ್ಚೆ’ ಎಂದರೆ ಸಿಹಿನೀರು, ಸಮುದ್ರದ್ದಲ್ಲದ ನೀರು; ಕನ್ನಡದ ಲೆಕ್ಕವೇ. ಎರಡನೇ ತುಂಡಿಗೇ ಸಾಕಾಗಿಸುವ ಅತಿಸಿಹಿಗೆ ‘ಸ್ತುಕ್ಕೇವೊಲೆ’ ಎಂಬ ಗಂಟಲಿಗೆ ಅಂಟುವ ಪದವಿದೆ. ಅತಿಯಾಗಿ ಹೊಗಳುವವರಿಗೂ ಅದು ಸಲ್ಲುತ್ತದೆ. ವೈನಿನ ಸಿಹಿಯ ಮೆಟ್ಟಿಲುಗಳ ಹೆಸರು ಮಾತ್ರ ಕೇಳುವಂತಿವೆ: ‘ಸೆಕ್ಕೊ’ ಎಂದರೆ ಒಣ, ‘ಅಬ್ಬೊಕ್ಕಾತೊ’ ಎಂದರೆ ಬಾಯಿಗೆ ಒಪ್ಪಿದ್ದು, ‘ಅಮಾಬಿಲೆ’ ಎಂದರೆ ಪ್ರೀತಿಸಬಹುದಾದದ್ದು, ಕೊನೆಗೆ ‘ದೋಲ್ಚೆ’. ಇವು ಕವಿಗಳು ಇಟ್ಟ ಹೆಸರುಗಳಂತೆ ಕೇಳಿಸಿದರೂ ಕಾನೂನಿನ ಪದಗಳು. ಲೀಟರಿಗೆ 45 ಗ್ರಾಂ ಸಕ್ಕರೆ ಮುಟ್ಟಿದ ಮೇಲೆ ಪ್ರೀತಿ ಮುಗಿದು ಸಿಹಿ ಶುರುವಾಗುತ್ತದೆ.

ಹುಳಿಯೂ ಸಿಹಿಯೂ ಕೂಡಿದ ‘ಅಗ್ರೊದೋಲ್ಚೆ’ಯನ್ನು ತಿಳಿಯಲು ವೆನಿಸ್ಸಿಗೆ ಹೋಗಬೇಕು. ಅಲ್ಲಿನ ‘ಸಾರ್ದೆ ಇನ್ ಸಾಓರ್’ ಎಂಬ ಖಾದ್ಯವನ್ನು ಹತ್ತಿರದಿಂದ ನೋಡೋಣ. ಸಾರ್ಡೀನ್ ಮೀನಿನ ತಲೆ, ಮುಳ್ಳು ತೆಗೆದು, ಹಿಟ್ಟಿನಲ್ಲಿ ಹೊರಳಿಸಿ ಕರಿಯುತ್ತಾರೆ. ಬೇರೆ ಬಾಣಲೆಯಲ್ಲಿ ಸಣ್ಣಗೆ ಸೀಳಿದ ರಾಶಿ ಬಿಳಿ ಈರುಳ್ಳಿಯನ್ನು ಸಣ್ಣ ಉರಿಯಲ್ಲಿ, ಬಣ್ಣ ಏರದಂತೆ, ಬಾಡಿಸಿ ವಿನೆಗರ್ ಸುರಿಯುತ್ತಾರೆ. ಮಣ್ಣಿನ ಪಾತ್ರೆಯಲ್ಲಿ ಒಂದು ಪದರ ಮೀನು, ಒಂದು ಪದರ ಈರುಳ್ಳಿ, ನಡುನಡುವೆ ಒಣದ್ರಾಕ್ಷಿ, ಚಿಲ್ಗೋಜ ಬೀಜ. ಆಮೇಲೆ ಮುಟ್ಟಬಾರದು. ಒಂದು ದಿನ, ಎರಡು ದಿನ ಹಾಗೇ ಬಿಟ್ಟರೆ ವಿನೆಗರಿನ ಮೊನಚು ಇಳಿದು ಈರುಳ್ಳಿಯ ಸಿಹಿ ಮೀನಿನೊಳಗೆ ಇಳಿಯುತ್ತದೆ. ದಿನಗಟ್ಟಲೆ ಕೆಡದ ಈ ಅಡುಗೆ ಹಡಗಿನವರಿಗೆ ಬೇಕಿತ್ತು. ಇಂದು ಜುಲೈ ತಿಂಗಳ ಮೂರನೇ ಭಾನುವಾರದ ರೆದೆಂತೋರೆ ಹಬ್ಬದಲ್ಲಿ ಅದು ದೋಣಿದೋಣಿಯಲ್ಲಿ ಕಾಣುತ್ತದೆ. ‘ಸಾಓರ್’ ಎಂದರೇನು ಎಂದು ಕೇಳಿದರೆ ವೆನಿಸ್ಸಿನವರು ನಗುತ್ತಾರೆ. ಅದು ಅವರ ಆಡುಮಾತಿನ ‘ಸಾಪೊರೆ’. ಖಾದ್ಯದ ಹೆಸರೇ ‘ರುಚಿಯಲ್ಲಿಟ್ಟ ಮೀನು’.

ಖಾರದ ಪದ ನಮ್ಮವರನ್ನು ಮೋಸಗೊಳಿಸುತ್ತದೆ. ‘ಪಿಕ್ಕಾಂತೆ’ ಎಂದರೆ ಖಾರ ಎಂದು ಕಲಿತು ಚೀಸಿನ ಅಂಗಡಿಯಲ್ಲಿ ‘ಪ್ರೊವೊಲೋನೆ ಪಿಕ್ಕಾಂತೆ’ ಕೊಂಡರೆ ಅದರಲ್ಲಿ ಮೆಣಸಿನಕಾಯಿಯ ಸುಳಿವೂ ಇರುವುದಿಲ್ಲ. ಪದದ ಮೂಲಾರ್ಥ ಚುಚ್ಚುವಂಥದ್ದು. ಹಳೆಯದಾಗಿ ನಾಲಿಗೆ ಚುರುಗುಟ್ಟಿಸುವ ಚೀಸೂ ಪಿಕ್ಕಾಂತೆ, ಕಲಾಬ್ರಿಯಾದ ಮೆಣಸಿನಕಾಯಿಯೂ ಪಿಕ್ಕಾಂತೆ, ಹೊಸ ಆಲಿವ್ ಎಣ್ಣೆಯೂ ಪಿಕ್ಕಾಂತೆ. ನವೆಂಬರಿನಲ್ಲಿ ಗಾಣದಿಂದ ಬಂದ ಹಸಿರು ಎಣ್ಣೆಯನ್ನು ಸುಟ್ಟ ಬ್ರೆಡ್ಡಿನ ಮೇಲೆ ಸುರಿದು ತಿಂದವರು ‘ಪಿತ್ಸಿಕಾ’ ಎನ್ನುತ್ತಾರೆ, ಚಿವುಟುತ್ತದೆ. ಚಿವುಟುವುದು ನಾಲಿಗೆಯನ್ನಲ್ಲ, ಗಂಟಲನ್ನು. ಅದಕ್ಕೆ ಬರುವ ಕೆಮ್ಮು ಹೊಗಳಿಕೆ. ಸಿಸಿಲಿಯ ಎರೀಚೆ ಊರಿನ ವಿಜ್ಞಾನಿಗಳ ಸಭೆಯೊಂದರಲ್ಲಿ ಅಮೆರಿಕದ ಗ್ಯಾರಿ ಬೋಷಾಂಪ್ ಇಂಥ ಎಣ್ಣೆ ಸವಿದಾಗ, ಗಂಟಲಿನ ಆ ಉರಿ ತಾನು ಪ್ರಯೋಗಾಲಯದಲ್ಲಿ ಕುಡಿದಿದ್ದ ಐಬುಪ್ರೊಫೆನ್ ಎಂಬ ನೋವುಮದ್ದಿನ ಉರಿಯೇ ಎಂದು ಗುರುತಿಸಿದ. ಉರಿಗೆ ಕಾರಣವಾದ ವಸ್ತುವಿಗೆ ಓಲಿಯೊಕ್ಯಾಂಥಾಲ್ ಎಂದು ಹೆಸರಿಟ್ಟ ಲೇಖನ 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಆ ಮದ್ದಿನಂತೆಯೇ ಅದು ಉರಿಯೂತದ ಕಿಣ್ವಗಳನ್ನು ತಡೆಯುತ್ತದೆ.

1991ರ ಐರೋಪ್ಯ ನಿಯಮ ಬಂದಂದಿನಿಂದ ಆಲಿವ್ ಎಣ್ಣೆಯ ದರ್ಜೆಯನ್ನು ಯಂತ್ರಗಳ ಜೊತೆಗೆ ಮನುಷ್ಯರ ಬಾಯಿಯೂ ನಿರ್ಧರಿಸುತ್ತದೆ. ಬಣ್ಣ ಕಾಣದಿರಲೆಂದು ನೀಲಿ ಗಾಜಿನ ಬಟ್ಟಲು, ಘಮ ಹಾರದಂತೆ ಮುಚ್ಚಳ, ಎಣ್ಣೆಯ ಬಿಸಿ ಸುಮಾರು 28 ಡಿಗ್ರಿ ಸೆಲ್ಸಿಯಸ್. ಪರೀಕ್ಷಕರು ಬಟ್ಟಲನ್ನು ಅಂಗೈಯಲ್ಲಿ ತಿರುಗಿಸಿ, ಮೂಸಿ, ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡು, ಹಲ್ಲಿನ ಸಂದಿಯಿಂದ ಸೊರ್ ಎಂದು ಗಾಳಿ ಎಳೆಯುತ್ತಾರೆ. ಅವರ ಹಾಳೆಯಲ್ಲಿ ಗುಣಗಳ ಪಟ್ಟಿಗೆ ಮೂರೇ ಪದ: ‘ಫ್ರುತ್ತಾತೊ’ ಅಂದರೆ ಕಾಯಿಯ ಘಮ, ‘ಅಮಾರೊ’, ‘ಪಿಕ್ಕಾಂತೆ’. ಕಹಿ ಮತ್ತು ಉರಿಯನ್ನು ಗುಣವೆಂದು ಸರಕಾರಿ ಕಾಗದದಲ್ಲಿ ಬರೆಸಿಕೊಂಡ ಆಹಾರ ಬೇರೆ ಸುಲಭಕ್ಕೆ ಸಿಗಲಿಕ್ಕಿಲ್ಲ.

ಒಗರಿಗೆ ಮಾತ್ರ ಇಟಾಲಿಯನ್ ಕನ್ನಡದಷ್ಟು ನೇರವಾಗಿಲ್ಲ. ನಮಗೆ ಒಗರು ಷಡ್ರಸಗಳಲ್ಲಿ ಒಂದು, ಪುಟ್ಟ ಮಕ್ಕಳೂ ಬಲ್ಲ ಪದ. ಅವರಿಗೆ ಅದು ರುಚಿಗಿಂತ ಬಾಯಿಗೆ ಆಗುವ ಒಂದು ಘಟನೆ: ‘ಅಲ್ಲಪ್ಪಾರೆ’. ಕಾಯಿಯಂತಿರುವ ಕಾಕಿ ಹಣ್ಣನ್ನು ಕಚ್ಚಿದಾಗ ಅದರ ಟ್ಯಾನಿನ್ ಜೊಲ್ಲಿನ ಪ್ರೋಟೀನನ್ನು ಹಿಡಿದು ಬಾಯಿಯನ್ನು ಒಣಗಿಸುತ್ತದಲ್ಲ, ಅದೇ ಅಲ್ಲಪ್ಪಾರೆ. ‘ಹಲ್ಲು ಕಟ್ಟಿಹಾಕುತ್ತದೆ’ ಎಂದೂ ಹೇಳುತ್ತಾರೆ.

ಹಲ್ಲಿನ ಮಾತೆಂದರೆ ‘ಅಲ್ ದೆಂತೆ’ಯನ್ನು ಬಿಡುವಂತಿಲ್ಲ. ಲೋಕವೆಲ್ಲ ಬಲ್ಲ ಈ ಪದದ ಅರ್ಥ ಹಲ್ಲಿಗೆ ಸಿಗುವಂತೆ ಬೆಂದ ಪಾಸ್ತಾ. ಎಳೆಯನ್ನು ಕತ್ತರಿಸಿದರೆ ನಡುವೆ ಕಾಣುವ ಬಿಳಿ ಚುಕ್ಕೆಗೆ ‘ಆನಿಮಾ’, ಆತ್ಮ, ಎನ್ನುತ್ತಾರೆ. ಇನ್ನೆರಡು ನಿಮಿಷ ಬೆಂದು ಆತ್ಮ ಹೋದರೆ ಅದು ‘ಸ್ಕೊತ್ತೊ’, ಅದಕ್ಕೆ ಕ್ಷಮೆಯಿಲ್ಲ.

ಇಷ್ಟೆಲ್ಲ ಪದಗಳು ಇಡೀ ಇಟಲಿಗೆ ಒಂದೇ ಆಗಿ ಇದ್ದವೇನಲ್ಲ. 1861ರಲ್ಲಿ ದೇಶ ಒಂದಾದಾಗ ಇಟಾಲಿಯನ್ ಮಾತಾಡಬಲ್ಲವರು ನೂರಕ್ಕೆ ಇಬ್ಬರು ಮೂವರು ಎಂದು ಭಾಷಾವಿಜ್ಞಾನಿ ತುಲ್ಲಿಯೊ ದೆ ಮಾವ್ರೊ ಲೆಕ್ಕ ಹಾಕಿದ್ದರು. 1583ರಲ್ಲಿ ಫ್ಲಾರೆನ್ಸಿನಲ್ಲಿ ಹುಟ್ಟಿದ ಭಾಷಾ ಅಕಾಡೆಮಿ ತನ್ನನ್ನು ‘ಕ್ರುಸ್ಕಾ’ ಎಂದು ಕರೆದುಕೊಂಡಿತ್ತು, ಅಂದರೆ ಹೊಟ್ಟು. ಅದರ ಲಾಂಛನ ಹಿಟ್ಟು ಜರಡಿ ಹಿಡಿಯುವ ಯಂತ್ರ; 1612ರಲ್ಲಿ ಅದು ಮಹಾನಿಘಂಟನ್ನೂ ಹೊರತಂದಿತು. ಆದರೆ ಹಿಟ್ಟು ಮನೆಮನೆಗೆ ತಲುಪಿದ್ದು ಪೆಲ್ಲೆಗ್ರೀನೊ ಅರ್ತೂಸಿ ಎಂಬ ವ್ಯಾಪಾರಿಯಿಂದ. ಈತ 71ನೇ ವಯಸ್ಸಿನಲ್ಲಿ, 1891ರಲ್ಲಿ, ಪ್ರಕಾಶಕರು ಸಿಗದೆ ಸ್ವಂತ ಖರ್ಚಿನಲ್ಲಿ ಅಡುಗೆಪುಸ್ತಕ ಅಚ್ಚು ಹಾಕಿಸಿದ. ಮೊದಲು 475 ಇದ್ದ ಅಡುಗೆಗಳು ಮರುಮುದ್ರಣಗಳಲ್ಲಿ 790ಕ್ಕೆ ಏರಿದವು. ಟಸ್ಕನಿಯ ಅಡುಗೆಪದಗಳಿಗೆ ಅರ್ಥ ಕೊಡುವ ಪಟ್ಟಿಯೊಂದನ್ನೂ ಅವನು ಸೇರಿಸಿದ್ದ. ಇಂದಿನ ಇಟಲಿಯ ಪಾಕವಿಧಾನಗಳಲ್ಲಿ ಉಪ್ಪಿನ ಮುಂದೆ ಗ್ರಾಮಿನ ಬದಲು ಎರಡಕ್ಷರ ಇರುತ್ತದೆ, ‘ಕ್ವಾಂತೊ ಬಾಸ್ತಾ’ದ ಸಂಕ್ಷೇಪ, ಸಾಕಾಗುವಷ್ಟು. ನಮ್ಮ ‘ರುಚಿಗೆ ತಕ್ಕಷ್ಟು ಉಪ್ಪು’.

ಮೆಚ್ಚುಗೆಯ ಮಾತುಗಳು ಬೇಕಾದಷ್ಟಿವೆ. ‘ಅಕ್ವೊಲೀನಾ ಇನ್ ಬೊಕ್ಕಾ’ ಎಂದರೆ ಬಾಯಲ್ಲಿ ಊರುವ ಪುಟ್ಟ ನೀರು. ಇದನ್ನು ಕನ್ನಡಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ರೋಮಿನವರ ಬಾಯಲ್ಲಿ ಒಂದು ತರಕಾರಿ ಯಾವ ಅಡುಗೆಯಲ್ಲಿ ಅತ್ಯಂತ ಚೆನ್ನಾಗಿ ಒದಗುತ್ತದೋ ಅದು ‘ಲಾ ಮೊರ್ತೆ ಸುವಾ’, ಅದರ ಸಾವು. ರೋಮಿನ ಯೆಹೂದಿ ಕೇರಿಯ ರೀತಿಯಲ್ಲಿ ಎರಡು ಸಲ ಎಣ್ಣೆಯಲ್ಲಿ ಕರಿದು ಹೂವಿನಂತೆ ಅರಳಿಸಿದ ಆರ್ಟಿಚೋಕು ಆ ಮೊಗ್ಗಿಗೆ ಸಿಗಬಹುದಾದ ಸದ್ಗತಿ. ಕೊನೆಗೆ ತಟ್ಟೆಯ ಸಾರನ್ನು ಬ್ರೆಡ್ಡಿನ ಚೂರಿನಿಂದ ಬಳಿದು ತಿನ್ನುವುದು ‘ಸ್ಕಾರ್ಪೆತ್ತಾ’, ಪುಟ್ಟ ಬೂಟು. ಬಾಯಿ ತುಂಬಿದ್ದು ಮಾತು ಹೊರಡದಿದ್ದರೆ ತೋರುಬೆರಳನ್ನು ಕೆನ್ನೆಗೆ ಒತ್ತಿ ತಿರುಪುತ್ತಾರೆ. ಬಾನುಲಿಯಲ್ಲಿ ಅದನ್ನು ತೋರಿಸುವಂತಿಲ್ಲ, ಕೇಳುಗರು ತಮ್ಮ ಕೆನ್ನೆಯ ಮೇಲೇ ಪ್ರಯತ್ನಿಸಬಹುದು.

ಊಟದ ಕೊನೆಗೆ ಕಾಫಿ. ಬಂದರು ನಗರ ತ್ರಿಯೆಸ್ತೆಯಲ್ಲಿ ಅದಕ್ಕೆ ಬೇರೆಯೇ ಭಾಷೆ: ಎಸ್‌ಪ್ರೆಸ್ಸೊ ಬೇಕಾದರೆ ‘ನೇರೊ’, ಕಪ್ಪು; ಮೇಲೆ ಹಾಲಿನ ತೊಟ್ಟು ಬೇಕಾದರೆ ‘ಕಾಪೊ’; ಅದು ಗಾಜಿನ ಲೋಟದಲ್ಲಿ ಬೇಕಾದರೆ ‘ಕಾಪೊ ಇನ್ ಬಿ’. ಒಳ್ಳೆಯ ಎಸ್‌ಪ್ರೆಸ್ಸೊಗೆ ಇಟಲಿಯವರು ಕೇಳುವ ಎರಡು ಗುಣ ‘ಕೊರ್ಪೊ’ ಮತ್ತು ‘ಕ್ರೇಮಾ’, ಮೈಕಟ್ಟು ಮತ್ತು ಮೇಲಿನ ಕಂದು ನೊರೆ. ಇವೆರಡನ್ನೂ ಧಾರಾಳವಾಗಿ ಕೊಡುವುದು ರೊಬಸ್ಟಾ ಕಾಫಿ. ಇಲ್ಲಿಗೆ ಮಾತು ಕೊಡಗಿಗೂ ಚಿಕ್ಕಮಗಳೂರಿಗೂ ಬಂದು ಮುಟ್ಟುತ್ತದೆ. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಬೆಳೆಯುವುದು ಕರ್ನಾಟಕದಲ್ಲಿ, ಮತ್ತು ಭಾರತದ ಕಾಫಿಯನ್ನು ವರ್ಷವರ್ಷವೂ ಎಲ್ಲರಿಗಿಂತ ಹೆಚ್ಚು ಕೊಳ್ಳುತ್ತ ಬಂದಿರುವ ದೇಶ ಇಟಲಿ. ಹಿಂದೆ ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಕಡಲ ಗಾಳಿ ಕುಡಿದು ಉಬ್ಬಿ, ಹುಳಿ ಕಳೆದುಕೊಂಡ ಬೀಜದ ರುಚಿಗೆ ಯುರೋಪಿನವರು ಒಗ್ಗಿಹೋಗಿದ್ದರು. ಈಗ ಅದೇ ರುಚಿಗಾಗಿ ಮಂಗಳೂರಿನ ಕಡೆಯ ಗೋದಾಮುಗಳಲ್ಲಿ ಬೀಜವನ್ನು ಹರಡಿ ಮುಂಗಾರಿನ ತೇವಕ್ಕೆ ಒಡ್ಡುತ್ತಾರೆ. ನಮ್ಮ ತೋಟಗಳ ಬೀಜ ಹೀಗೆ ಇಟಲಿಯ ಬಾರುಗಳ ‘ಕಫ್ಫೆ ಅಮಾರೊ’ದೊಳಗೆ ಸೇರಿಕೊಳ್ಳುತ್ತದೆ. ಪೊಟ್ಟಣದ ಮೇಲೆ ಮಾತ್ರ ಹೆಚ್ಚಾಗಿ ಅದರ ಊರಿನ ಹೆಸರಿರುವುದಿಲ್ಲ, ಒಂದೇ ಪದ ಇರುತ್ತದೆ: ‘ಮಿಶೆಲಾ’, ಮಿಶ್ರಣ.